ಬಸ್ತ್ಯಾಂವ್ ಅಜ್ಜ ದಿವಾಡಿಯಲ್ಲಿ ಯಾಕೆ ಸಿಗ್ತಿಲ್ಲ?

ಹಳೆ ಕಾಗದ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಬ್ರಹ್ಮಾವರದ ಹತ್ತಿರದ ಹಳ್ಳಿ. ಕೊಂಕಣಿ ಮಾತಾಡುವ ಕ್ರೈಸ್ತ ಕುಟುಂಬ. ನಮ್ಮ ಅಪ್ಪನ ಅಜ್ಜನ ಹೆಸರು ಬಸ್ತ್ಯಾಂವ್. ಅವರು ಹುಟ್ಟಿದ್ದು ಗೋವೆಯ ದಿವಾಡಿ ದ್ವೀಪದಲ್ಲಿ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅಜ್ಜಿಯ ಹಳೆ ಪ್ರಾರ್ಥನೆ ಪುಸ್ತಕದ ಕೊನೆ ಹಾಳೆಯಲ್ಲಿ ‘ಬಸ್ತ್ಯಾಂವ್, ಜಲ್ಮ್ ದಿವಾಡಿ’ ಎಂದು ಕನ್ನಡ ಅಕ್ಷರದಲ್ಲಿ ಬರೆದಿದೆ. ಇಸವಿ ಇಲ್ಲ. ಇಗರ್ಜಿಯ (ಚರ್ಚಿನ) ಸಾವಿನ ಪುಸ್ತಕದಲ್ಲಿ 1902, ವಯಸ್ಸು 60 ಎಂದಿದೆ. ಹಿರಿಯ ಮಗಳ ಜ್ಞಾನಸ್ನಾನ 1871ರಲ್ಲಿ ಆಗಿದೆ. ಅಲ್ಲಿ ಪೋರ್ಚುಗೀಸಿನಲ್ಲಿ ತಂದೆ ‘ಇಲ್ಯಾಸ್’ನವರು, ತಾಯಿ ಕಲ್ಯಾಣಪುರದವಳು ಎಂದಿದೆ. ಮನೆಯಲ್ಲಿ 1879ರ ಒಂದು ಮೂಲಗೇಣಿ (ಕಾಯಂ ಗೇಣಿ) ಚೀಟಿಯೂ ಇದೆ, ‘ಗೋವೆಯ ಪಾಸ್ಕಲನ ಮಗ ಬಸ್ತ್ಯಾಂವ’ ಅಂತ. ದಿವಾಡಿಯ ಒಂದು ಇಗರ್ಜಿಯಲ್ಲಿ 1842ರ ಜ್ಞಾನಸ್ನಾನ ಹುಡುಕಿಸಿದೆ. ಹೆಸರಿಲ್ಲ. ಇನ್‌ಕ್ವಿಸಿಷನ್‌ಗೆ (ಪೋರ್ಚುಗೀಸರ ಕಾಲದ ಮತವಿಚಾರಣೆಗೆ) ಹೆದರಿ ರಾತ್ರೋರಾತ್ರಿ ದೋಣಿಯಲ್ಲಿ ಓಡಿ ಬಂದರಂತೆ, ಆಮೇಲೆ ಟಿಪ್ಪುವಿನ ಸೆರೆಯಿಂದಲೂ ತಪ್ಪಿಸಿಕೊಂಡರಂತೆ. ಕೊನೆಯ ಇಬ್ಬರು ಮಕ್ಕಳ ಜ್ಞಾನಸ್ನಾನವೂ ನಮ್ಮ ಇಗರ್ಜಿಯಲ್ಲಿ ಸಿಗುತ್ತಿಲ್ಲ. ಎಲ್ಲಿ ಹುಡುಕಲಿ? (ಹೆಸರು ಹಾಕಬೇಡಿ ಎಂದಿದ್ದಾರೆ)

ಉತ್ತರ: ಮೊದಲು ಓಡಿ ಬಂದ ಕಥೆ ಮುಗಿಸೋಣ. ನಾನು ಸಬ್‌ರಿಜಿಸ್ಟ್ರಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಧೂಳು ಕುಡಿದು ನಿವೃತ್ತನಾದವನು. ಕಥೆ ಕೇಳಿದ ಕೂಡಲೇ ಇಸವಿ ಕೂಡಿಸಿ ಕಳೆಯುವ ಚಟ ಹೋಗಿಲ್ಲ. ಗೋವೆಯಲ್ಲಿ ಇನ್‌ಕ್ವಿಸಿಷನ್ ಶುರುವಾಗಿದ್ದು 1560ರಲ್ಲಿ. 1774ರಲ್ಲಿ ನಿಂತು, 1778ರಲ್ಲಿ ಮತ್ತೆ ಬಂದು, 1812ರಲ್ಲಿ ಪೂರ್ತಿ ಮುಗಿಯಿತು. ಟಿಪ್ಪು ಕೆನರಾದ ಕ್ರೈಸ್ತರನ್ನು ಹಿಡಿಸಿದ್ದು 1784ರಲ್ಲಿ. ಉಳಿದವರು ಹಿಂದಿರುಗಿದ್ದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ. ನಿಮ್ಮ ಬಸ್ತ್ಯಾಂವ್ ಹುಟ್ಟಿದ್ದು ಸುಮಾರು 1842ರಲ್ಲಿ. ಈ ಎರಡೂ ಸಂಕಟ ಅವರು ಹುಟ್ಟುವ ಮೊದಲೇ ಮುಗಿದಿದ್ದವು.

ಹಾಗಂತ ಕಥೆ ಸುಳ್ಳು ಎನ್ನುತ್ತಿಲ್ಲ. ಅದು ಬೇರೆಯವರ ಕಥೆ. ಬಹುಶಃ ನಿಮ್ಮ ಕುಟುಂಬದ ಹೆಣ್ಣುಮಕ್ಕಳ ಕಡೆಯವರದ್ದು. ಕಲ್ಯಾಣಪುರದ ಹೆಂಡತಿಯ ಮನೆಯವರು ಇಲ್ಲಿಯ ಹಳಬರಾಗಿದ್ದರೆ ಸೆರೆಯ ನೆನಪು ಅವರದ್ದು, ಓಡಿ ಬಂದ ನೆನಪು ಅವರಿಗೂ ಹಿಂದಿನವರದ್ದು. ಮನೆಯಲ್ಲಿ ನೆನಪಿದ್ದದ್ದು ಒಂದೇ ಗಂಡಸಿನ ಹೆಸರು. ಹಾಗಾಗಿ ಎಲ್ಲರ ಕಷ್ಟವೂ ಅವರ ತಲೆ ಮೇಲೆ ಬಂತು. ಕರಾವಳಿಯಲ್ಲಿ ಯಾವ ಜಾತಿಯ ಮನೆಗೆ ಹೋದರೂ ಮೂಲಪುರುಷ ರಾತ್ರಿ ಹೊತ್ತೇ ಹೊರಟವನು. ಹಗಲು ಹೊತ್ತಲ್ಲಿ, ಕೂಲಿ ಜಾಸ್ತಿ ಸಿಗುತ್ತೆ ಅಂತ ಬಂದವರು ಯಾರೂ ಇಲ್ಲ! 19ನೇ ಶತಮಾನದಲ್ಲಿ ಗೋವೆಯಿಂದ ಬ್ರಿಟಿಷರ ಸೀಮೆಗೆ ಕೆಲಸ ಹುಡುಕಿ ಬಂದವರು ಸಾವಿರಾರು ಮಂದಿ. ನಿಮ್ಮ ಅಜ್ಜ ಅವರಲ್ಲಿ ಒಬ್ಬರಾಗಿದ್ದರೆ ಅದರಲ್ಲೇನು ಕಡಿಮೆ?

ಈಗ ಕಾಗದಕ್ಕೆ ಬರೋಣ. ನಿಮ್ಮ ಹತ್ತಿರ ನಾಲ್ಕು ದಾಖಲೆ ಇವೆ. ನಾಲ್ಕಕ್ಕೂ ಒಂದೇ ಬೆಲೆ ಕೊಟ್ಟಿದ್ದೀರಿ. ಎಡವಿದ್ದು ಅಲ್ಲೇ.

ಪ್ರಾರ್ಥನೆ ಪುಸ್ತಕದ ಸಾಲನ್ನು ಬರೆದವರು ಯಾರು? ಬಸ್ತ್ಯಾಂವ್ ತಾವೇ ಬರೆದಿದ್ದಲ್ಲ ಅನಿಸುತ್ತೆ, ಅವರ ಕಾಲದ ಗೋವೆಯವರು ಬರೆಯೋದಾದರೆ ರೋಮನ್ ಅಕ್ಷರದಲ್ಲಿ ಬರೆಯುತ್ತಿದ್ದರು. ಪುಸ್ತಕದ ಮೊದಲ ಪುಟದಲ್ಲಿ ಅಚ್ಚಾದ ಇಸವಿ ನೋಡಿ. ಆ ಪುಟ ಹರಿದಿದ್ದರೆ ಅಚ್ಚುಕೂಟದ ಹೆಸರಾದರೂ ಎಲ್ಲೋ ಇರುತ್ತದೆ. ಪುಸ್ತಕ 1910ರದ್ದಾದರೆ ಆ ಸಾಲು ಅಜ್ಜ ಸತ್ತ ಮೇಲೆ ಯಾರೋ ಕೇಳಿದ್ದನ್ನು ಬರೆದಿಟ್ಟದ್ದು. ಬೇರೆ ಜನನ ಮರಣಗಳನ್ನೂ ಅದೇ ಹಾಳೆಯಲ್ಲಿ ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ ಬರೆದಿದ್ದರೆ ಒಂದೇ ದಿನ ಕೂತು ನೆನಪಿನಿಂದ ಬರೆದದ್ದು ಅಂತಲೇ ಲೆಕ್ಕ.

ಸಾವಿನ ಪುಸ್ತಕದ 60 ಕೂಡ ಅಷ್ಟೇ. ಸತ್ತವನ ವಯಸ್ಸನ್ನು ಸತ್ತವನು ಹೇಳುವುದಿಲ್ಲ. ಅಳಿಯನೋ ಪಕ್ಕದ ಮನೆಯವನೋ ಹೇಳಿದ್ದು. ಆ ಕಾಲದ ಪುಸ್ತಕಗಳಲ್ಲಿ 50, 60, 70 ತುಂಬಿಕೊಂಡಿರುತ್ತವೆ, 57 ಮತ್ತು 63 ಅಪರೂಪ. 1842 ಒಂದನ್ನೇ ಹುಡುಕಿಸಿದ್ದು ಸಾಲದು. 1830ರಿಂದ 1852ರವರೆಗೆ ನೋಡಿಸಬೇಕು.

1871ರ ಜ್ಞಾನಸ್ನಾನದ ಬರಹ ಚೆನ್ನಾದದ್ದು. ಬಸ್ತ್ಯಾಂವ್ ಬದುಕಿದ್ದಾಗ, ಅವರ ಎದುರಿಗೇ ಪಾದ್ರಿ ಕೇಳಿ ಬರೆದದ್ದು. ಅಲ್ಲಿರುವುದು ದಿವಾಡಿ ಅಲ್ಲ, ಇಲ್ಯಾಸ್. ಇದು ಬರೀ ‘ದ್ವೀಪದವರು’ ಎಂದಲ್ಲ. ಪೋರ್ಚುಗೀಸರ ಆಡಳಿತದಲ್ಲಿ ಇಲ್ಯಾಸ್ ಒಂದು ತಾಲೂಕಿನ ಹೆಸರು. ಇವತ್ತಿನ ತಿಸವಾಡಿ ತಾಲೂಕು ಅದು. ಪಣಜಿ, ತಾಳಗಾವ್, ರಾಯಬಂದರ, ಹಳೆ ಗೋವೆ ಎಲ್ಲವೂ ಅದರೊಳಗೆ. ದಿವಾರ್ ದ್ವೀಪವೂ (ನೀವು ದಿವಾಡಿ ಅನ್ನುವುದು ಇದನ್ನೇ) ಅಲ್ಲೇ, ಅದರ ಪಕ್ಕದ ಚೋಡಣ ದ್ವೀಪ, ಜುವೆ ದ್ವೀಪವೂ ಅಲ್ಲೇ. ಅಂದರೆ ನಿಮ್ಮ ಅಜ್ಜ ಪಣಜಿ ಪೇಟೆಯಲ್ಲಿ ಹುಟ್ಟಿದ್ದರೂ ಇಲ್ಲಿಯ ಪಾದ್ರಿ ‘ಇಲ್ಯಾಸ್’ ಅಂತಲೇ ಬರೆಯುತ್ತಿದ್ದರು. ಮುಂದೆ ಮನೆಯಲ್ಲಿ ಯಾರೋ ಅದನ್ನು ಕೇಳಿ, ಗೊತ್ತಿದ್ದ ಒಂದು ದ್ವೀಪದ ಹೆಸರು ಹಾಕಿರಬಹುದು. ಹಾಕದೆಯೂ ಇರಬಹುದು, ದಿವಾಡಿ ನಿಜವೇ ಇರಬಹುದು. ಪ್ರಾರ್ಥನೆ ಪುಸ್ತಕ ಒಂದನ್ನೇ ನಂಬಿ ತೀರ್ಮಾನ ಮಾಡಬೇಡಿ ಅಂತಷ್ಟೇ ಹೇಳೋದು.

ನಿಮ್ಮಲ್ಲಿರುವ ಬಂಗಾರ ಅಂದರೆ ಮೂಲಗೇಣಿ ಚೀಟಿ. ನನ್ನ ಕಸುಬಿನ ಅಭಿಮಾನ ಅಂತ ತಿಳಿಯಬೇಡಿ. ಭೂಮಿಯ ಕಾಗದದಲ್ಲಿ ತಂದೆಯ ಹೆಸರನ್ನು ಯಾರೂ ಅಂದಾಜಿಗೆ ಬರೆಸುವುದಿಲ್ಲ, ನಾಳೆ ಮಗನಿಗೆ ಹಕ್ಕು ಬರಬೇಕಲ್ವಾ? ಹಾಗಾಗಿ ‘ಪಾಸ್ಕಲನ ಮಗ’ ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅದನ್ನು ಪರೀಕ್ಷಿಸುವ ದಾರಿಯೂ ಇದೆ. ನಿಮ್ಮ ಸಮುದಾಯದಲ್ಲಿ ಮೊದಲ ಗಂಡು ಮಗುವಿಗೆ ತಂದೆಯ ತಂದೆಯ ಹೆಸರಿಡುವ ರೂಢಿ ಇದೆ. ಬಸ್ತ್ಯಾಂವ್ ಅವರ ಹಿರಿಯ ಮಗನ ಹೆಸರು ಪಾಸ್ಕಲ್ ಇದೆಯಾ ನೋಡಿ. ಹಾಗೆಯೇ ಹಿರಿಯ ಮಗಳ ಹೆಸರು ಬಸ್ತ್ಯಾಂವ್ ಅವರ ತಾಯಿಯದ್ದಿರಬಹುದು. ಅದು ಖಾತ್ರಿ ಅಲ್ಲ. ಆದರೆ ಗೋವೆಯ ಪುಸ್ತಕದಲ್ಲಿ ಒಂದೇ ವರ್ಷ ಮೂವರು ಬಸ್ತ್ಯಾಂವ್ ಸಿಕ್ಕಾಗ ಆರಿಸಲು ಇದೇ ಕೈಹಿಡಿಯುವುದು.

ಒಂದು ಸಣ್ಣ ಸಿಟ್ಟು. ಚೀಟಿಯ ಫೋಟೋ ಕಳಿಸಿದ್ದೀರಿ, ಕೆಳಗಿನ ಸಾಕ್ಷಿಗಳ ಸಾಲು ಕತ್ತರಿಸಿ ಹೋಗಿದೆ. ಎಲ್ಲರೂ ಹೀಗೇ, ತಮ್ಮವರ ಹೆಸರಿರುವ ಭಾಗ ಮಾತ್ರ ಹಿಡಿಯುತ್ತಾರೆ. ನಿಮ್ಮ ಅಜ್ಜನಿಗಿಂತ ಸಾಕ್ಷಿಗಳು ಮುಖ್ಯ. ಪರ ಊರಿನಿಂದ ಬಂದ ಗಂಡಸಿನ ಪರ ರುಜು ಹಾಕಿದವರು ಯಾರು? ಬಹಳ ಸಲ ಅದೇ ಊರಿನಿಂದ ಬಂದ ಅಣ್ಣ, ಭಾವ, ಇಲ್ಲ ಗೆಳೆಯ. ಬಸ್ತ್ಯಾಂವ್ ಅವರ ಹುಟ್ಟೂರು ಕಾಗದದಲ್ಲಿ ಇಲ್ಲದಿದ್ದರೂ ಆ ಸಾಕ್ಷಿಯ ಹುಟ್ಟೂರು ಅವನದ್ದೇ ಮದುವೆ ದಾಖಲೆಯಲ್ಲಿ ಇರಬಹುದು. ಮಕ್ಕಳ ಜ್ಞಾನಸ್ನಾನಕ್ಕೆ ಧರ್ಮತಂದೆ, ಧರ್ಮತಾಯಿ ಆಗಿ ನಿಂತವರನ್ನೂ ಹೀಗೇ ಪಟ್ಟಿ ಮಾಡಿ. ನಾಲ್ಕು ಮಕ್ಕಳೆಂದರೆ ಎಂಟು ಹೆಸರು. ಅವುಗಳಲ್ಲಿ ಕಲ್ಯಾಣಪುರದವರನ್ನು ಬದಿಗಿಡಿ. ಉಳಿದವರು ನಿಮ್ಮ ಅಜ್ಜನ ಕಡೆಯವರು. ಸಿಗದ ಮನುಷ್ಯನನ್ನು ನೇರವಾಗಿ ಹುಡುಕಿದರೆ ಸಿಗುವುದಿಲ್ಲ. ಅವನ ಸುತ್ತ ನಿಂತವರನ್ನು ಹುಡುಕಬೇಕು.

ಈಗ ನೀವು ಹುಡುಕದೇ ಬಿಟ್ಟ ಮುಖ್ಯ ಪುಸ್ತಕ. ಮದುವೆಯದ್ದು. ಅದು ನಿಮ್ಮ ಇಗರ್ಜಿಯಲ್ಲಿ ಇರಲಾರದು, ಮದುವೆ ಸಾಮಾನ್ಯವಾಗಿ ಹೆಣ್ಣಿನ ಇಗರ್ಜಿಯಲ್ಲಿ ನಡೆಯುತ್ತಿತ್ತು. ಹೆಂಡತಿ ಕಲ್ಯಾಣಪುರದವಳು ಎಂದರೆ ಮಿಲಾಗ್ರಿಸ್ ಇಗರ್ಜಿಯಿಂದಲೇ ಶುರು ಮಾಡಿ. ಹಳೆಯ ಇಗರ್ಜಿ ಅದು, 1678ರದ್ದು ಅಂತ ಹೇಳುತ್ತಾರೆ, ಈಗ ಉಡುಪಿ ಧರ್ಮಪ್ರಾಂತ್ಯದ ಕೆಥೆಡ್ರಲ್. ಹತ್ತಿರದ ಎಷ್ಟೋ ಇಗರ್ಜಿಗಳು ಆಮೇಲೆ ಬೇರೆಯಾದವು. ನಿಮ್ಮ ಹಳ್ಳಿಯ ಇಗರ್ಜಿ 1870ರಲ್ಲಿ ಇತ್ತೋ ಇಲ್ಲವೋ, ಅದನ್ನೂ ಮೊದಲು ಕೇಳಿಕೊಳ್ಳಿ. ಹಿರಿಯ ಮಗಳು 1871ರವಳಾದರೆ ಮದುವೆ ಪುಸ್ತಕವನ್ನು 1865ರಿಂದ ನೋಡಿ.

ಮದುವೆ ಪುಸ್ತಕವೇ ಯಾಕೆ? 1563ರಲ್ಲಿ ಮುಗಿದ ತ್ರೆಂತ್ ಮಹಾಸಭೆ (ಕ್ಯಾಥೊಲಿಕ್ ಬಿಷಪ್‌ಗಳ ಸಭೆ) ಮದುವೆಗೆ ಕಟ್ಟುನಿಟ್ಟು ಮಾಡಿತು. ಮೂರು ಸಲ ಇಗರ್ಜಿಯಲ್ಲಿ ಕೂಗಿ ಹೇಳಬೇಕು, ಪಾದ್ರಿ ಮತ್ತು ಸಾಕ್ಷಿಗಳ ಎದುರು ಆಗಬೇಕು, ಪುಸ್ತಕದಲ್ಲಿ ಬರೆಯಬೇಕು. ಪರ ಊರಿನ ಗಂಡು ಬಂದರೆ ಪಾದ್ರಿಗೆ ತಲೆಬಿಸಿ, ಅವನಿಗೆ ಊರಲ್ಲಿ ಇನ್ನೊಂದು ಹೆಂಡತಿ ಇಲ್ಲ ಅಂತ ಏನು ಗ್ಯಾರಂಟಿ? ಹಾಗಾಗಿ ಹುಟ್ಟೂರಿನ ಇಗರ್ಜಿಯಿಂದ ಕಾಗದ ಕೇಳುತ್ತಿದ್ದರು. ಆದ್ದರಿಂದಲೇ ಗಂಡಿನ ತಂದೆ ತಾಯಿ ಹೆಸರು, ಹುಟ್ಟಿದ ಇಗರ್ಜಿ ಮದುವೆ ಪುಸ್ತಕದಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ತಾಲೂಕಿನ ಹೆಸರಲ್ಲ, ಇಗರ್ಜಿಯ ಹೆಸರೇ. ಹುಟ್ಟಿನ ಪುಸ್ತಕದ ಅಂಚಿನಲ್ಲಿ ಮದುವೆಯ ವಿವರ ಬರೆಯುವ ನಿಯಮ ಬಂದದ್ದು 1908ರಲ್ಲಿ. ನಿಮ್ಮ ಅಜ್ಜನ ಕಾಲಕ್ಕೆ ಅದು ಇಲ್ಲ. ಗೋವೆಯ ಕಡೆಯಿಂದ ‘ಇವನೇ ಕಲ್ಯಾಣಪುರಕ್ಕೆ ಹೋದವನು’ ಎಂದು ತೋರಿಸುವ ಗುರುತು ಸಿಗುತ್ತದೆಂದು ಕಾಯಬೇಡಿ. ಇಲ್ಲಿಂದಲೇ ಊರು ಖಚಿತ ಮಾಡಿಕೊಂಡು ಹೋಗಬೇಕು.

ಕೊನೆಯ ಇಬ್ಬರು ಮಕ್ಕಳು ಎಲ್ಲಿ ಹೋದರು? ನಿಮ್ಮ ಪತ್ರದಲ್ಲಿ ನನಗೆ ತುಂಬ ರುಚಿ ಹುಟ್ಟಿಸಿದ್ದು ಈ ಸಾಲು. ಅವರು ಹುಟ್ಟಿದ್ದು 1889ರ ಆಚೆ ಈಚೆ ಇರಬೇಕು, ಅಲ್ವಾ? ಆಗ ನಿಮ್ಮ ಸೀಮೆಯಲ್ಲಿ ದೊಡ್ಡ ಜಗಳ. ಅಲ್ಲಿಯವರೆಗೆ ಈ ಕಡೆಯ ಕೆಲವು ಇಗರ್ಜಿಗಳು ಗೋವೆಯ ಆರ್ಚ್‌ಬಿಷಪ್ ಕೈಯಲ್ಲಿದ್ದವು. 1886ರಲ್ಲಿ ಪೋರ್ಚುಗಲ್ ಮತ್ತು ರೋಮ್ ನಡುವೆ ಒಪ್ಪಂದವಾಗಿ ಅವು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವು. ಎಲ್ಲರೂ ಒಪ್ಪಲಿಲ್ಲ. ಗೋವೆಯ ಪಾದ್ರಿ ಆಂತೋನಿಯು ಫ್ರಾನ್ಸಿಸ್ಕು ಶಾವಿಯೆರ್ ಆಲ್ವಾರಿಸ್ ರೋಮ್ ಬಿಟ್ಟು ಕೇರಳದ ಮಲಂಕರ ಸಿರಿಯನ್ ಸಭೆಯಲ್ಲಿ 1889ರಲ್ಲಿ ಬಿಷಪ್ ಆದರು, ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ. ಬ್ರಹ್ಮಾವರದಲ್ಲಿ ಪಾದ್ರಿ ರೋಕ್ ಝೆಫ್ರಿನ್ ನೊರೊನ್ಹಾ ಅವರ ಜೊತೆ ನಿಂತರು. ಎಷ್ಟೋ ಕುಟುಂಬಗಳು ಹಿಂದೆ ಹೋದವು. ಇವತ್ತಿಗೂ ಬ್ರಹ್ಮಾವರದ ಸಂತ ಮೇರಿ ಕೆಥೆಡ್ರಲ್ ಆರ್ಥೊಡಾಕ್ಸ್ ಸಿರಿಯನ್ ಸಭೆಯದ್ದು, ಅಲ್ಲಿಯವರ ಮನೆಮಾತು ಕೊಂಕಣಿಯೇ. ಗೋವೆಯಿಂದ ಬಂದವರಿಗೆ ಗೋವೆಯ ಪಾದ್ರಿಗಳ ಪಕ್ಷ ಹಿಡಿಯುವುದು ಸಹಜ. ಬಸ್ತ್ಯಾಂವ್ ಕೆಲವು ವರ್ಷ ಆ ಕಡೆ ಹೋಗಿ, ಮುಪ್ಪಿನಲ್ಲಿ ವಾಪಸ್ ಬಂದಿದ್ದರೆ ನಿಮ್ಮ ಇಗರ್ಜಿಯಲ್ಲಿ ಸಾವು ಇದೆ, ಕೊನೆಯ ಮಕ್ಕಳು ಇಲ್ಲ ಎಂಬುದು ಸರಿಹೋಗುತ್ತದೆ. ಇದು ನನ್ನ ಊಹೆ. ಆದರೆ ಪರೀಕ್ಷೆ ಸುಲಭ, ಬ್ರಹ್ಮಾವರ ನಿಮಗೆ ಬಸ್ಸಿನ ದೂರ. ವಿನಯವಾಗಿ ಹೋಗಿ ಕೇಳಿ. ಹಳೆ ಜಗಳದಲ್ಲಿ ಯಾರು ಸರಿ ಎಂಬ ಮಾತು ಮಾತ್ರ ತೆಗೆಯಬೇಡಿ.

ಇಷ್ಟಾದ ಮೇಲೆ ಗೋವೆ. ಉಡುಪಿಯಿಂದ ಕೊಂಕಣ ರೈಲಿನಲ್ಲಿ ಕರ್ಮಲಿಯಲ್ಲಿ ಇಳಿದರೆ ಹಳೆ ಗೋವೆ ಹತ್ತಿರ, ಅಲ್ಲಿಂದ ಫೆರ್ರಿಯಲ್ಲಿ ಮಾಂಡವಿ ದಾಟಿದರೆ ದಿವಾರ್. ಆದರೆ ಮೊದಲು ದ್ವೀಪಕ್ಕೆ ಓಡಬೇಡಿ. ಪಣಜಿಯ ಸರಕಾರಿ ಪತ್ರಾಗಾರಕ್ಕೆ ಹೋಗಿ. 1595ರಲ್ಲಿ ಶುರುವಾದ ಸಂಸ್ಥೆ ಅದು, ಮೊದಲ ಮೇಲ್ವಿಚಾರಕ ಇತಿಹಾಸಕಾರ ದಿಯೋಗು ದು ಕೋತು. ಹಲವು ಇಗರ್ಜಿಗಳ ಹಳೆ ಪುಸ್ತಕಗಳು ಈಗ ಅಲ್ಲಿವೆ. ದಿವಾರ್‌ನಲ್ಲಿ ಇಗರ್ಜಿ ಒಂದೇ ಅಲ್ಲ ಎಂಬುದೂ ನೆನಪಿರಲಿ. ಗುಡ್ಡದ ಮೇಲೆ ಪಿಯೆದಾದೆ, ಮಾಳಾರಿನಲ್ಲಿ ಸಂತ ಮತ್ತಿಯಸ್, ಆಚೆ ನಾರ್ವೆಯಲ್ಲಿ ಇನ್ನೊಂದು. ನೀವು ನೋಡಿಸಿದ್ದು ಒಂದು. ಜೊತೆಗೆ ಚೊಚ್ಚಲ ಹೆರಿಗೆಗೆ ಹೆಣ್ಣು ತವರಿಗೆ ಹೋಗುವುದು ಅಲ್ಲೂ ಇದೆ. ಬಸ್ತ್ಯಾಂವ್ ಹಿರಿಯ ಮಗನಾಗಿದ್ದರೆ ತಾಯಿಯ ಊರಿನ ಇಗರ್ಜಿಯಲ್ಲಿ ಜ್ಞಾನಸ್ನಾನ ಆಗಿರಬಹುದು. ಅದು ನದಿಯ ಆಚೆ ದಡವೂ ಆಗಿರಬಹುದು! ಆಗ ದ್ವೀಪದ ಮನುಷ್ಯ ದ್ವೀಪದ ಪುಸ್ತಕದಲ್ಲಿ ಸಿಗುವುದೇ ಇಲ್ಲ. ಪಾಸ್ಕಲ್ ದಂಪತಿಯ ಬೇರೆ ಮಕ್ಕಳು ಸಿಗುತ್ತಾರೆ. ತಮ್ಮ ಸಿಕ್ಕಿದರೆ ಅಣ್ಣ ಸಿಕ್ಕಂತೆಯೇ.

ಪುಸ್ತಕದಲ್ಲಿ ಬಸ್ತ್ಯಾಂವ್ ಅಂತ ಬರೆದಿರುವುದಿಲ್ಲ, ಸೆಬಾಸ್ತಿಯಾಂವ್ ಎಂದಿರುತ್ತದೆ. ಪಾಸ್ಕಲ್ ಅಲ್ಲಿ ಪಾಶ್ಕುವಾಲ್. ಮನೆಯಲ್ಲಿ ಲೊರ್ಸ್ ಆದವನು ಲೊರೆನ್ಸು, ಜುವಾಂವ್ ಅಲ್ಲೂ ಹತ್ತಿರಹತ್ತಿರ ಅದೇ. ಪಾದ್ರಿಗಳು ಹೆಸರು ಮೊಟಕು ಮಾಡಿ, ಕೊನೆಯ ಅಕ್ಷರವನ್ನು ಮೇಲಕ್ಕೆ ಸಣ್ಣದಾಗಿ ಬರೆಯುತ್ತಿದ್ದರು. ಅದಕ್ಕೆ ಕಣ್ಣು ಹೊಂದಿಕೊಳ್ಳಲು ಅರ್ಧ ದಿನ ಬೇಕು. ಕುಲನಾಮ ನೋಡಿ ಹುಡುಕಬೇಡಿ. ಮತಾಂತರದ ಕಾಲದಲ್ಲಿ ಪಾದ್ರಿಯದ್ದೋ ಧರ್ಮತಂದೆಯದ್ದೋ ಕುಲನಾಮ ಊರಿಗೆ ಊರೇ ಪಡೆದದ್ದುಂಟು. ಒಂದೇ ಹೆಸರಿನ ಹತ್ತು ಮನೆ ಇದ್ದಲ್ಲಿ ವಾಡೊ (ಕೇರಿ) ಯಾವುದು ಎಂದು ನೋಡಬೇಕು.

ಇನ್ನೊಂದು ಬಾಗಿಲು ಇದೆ, ಹೊರಗಿನವರಿಗೆ ಅಷ್ಟು ಗೊತ್ತಿಲ್ಲ. ಗೋವೆಯ ಹಳ್ಳಿಗಳಲ್ಲಿ ಗಾಂವ್ಕಾರಿ ಪದ್ಧತಿ ಇತ್ತು, ಪೋರ್ಚುಗೀಸರು ಅದನ್ನು ಕೊಮುನಿದಾದ್ ಎಂದರು. ಊರಿನ ಜಮೀನು ಗಾಂವ್ಕಾರರ ಕೂಡು ಆಸ್ತಿ. ಗಾಂವ್ಕಾರ ಮನೆತನಗಳನ್ನು ವಾಂಗೋಡ್ ಎಂದು ವಿಂಗಡಿಸಿರುತ್ತಾರೆ. ವಯಸ್ಸಿಗೆ ಬಂದ ಗಂಡುಮಕ್ಕಳು ಹೆಸರು ಬರೆಸಿ ‘ಜೋಣ್’ ಎಂಬ ಪಾಲು ಪಡೆಯುತ್ತಿದ್ದರು. ಹೆಸರು ಬರೆಸಲು ತಂದೆ ಯಾರು ಎಂದು ತೋರಿಸಲೇಬೇಕು. ದಿವಾರ್‌ನಲ್ಲಿ ಗೋಲ್ತಿ, ನಾವೆಲಿ, ಮಾಳಾರ್, ನಾರ್ವೆ ಎಂದು ಬೇರೆ ಬೇರೆ ಕೊಮುನಿದಾದ್ ಇವೆ. ಪಾಸ್ಕಲ್ ಗಾಂವ್ಕಾರರಾಗಿದ್ದರೆ ಹೆಸರು ಅಲ್ಲಿರುತ್ತದೆ. ಆಗಿರದಿದ್ದರೆ ಇಲ್ಲ. ಗಾಂವ್ಕಾರ ಅಲ್ಲದವರೂ ಊರಲ್ಲಿ ಬೇಕಾದಷ್ಟು ಜನ ಇದ್ದರು.

ಮದುವೆ ದಾಖಲೆ ಸಿಕ್ಕರೆ ಪೂರ್ತಿ ಪುಟದ ಫೋಟೋ ಕಳಿಸಿ. ಸಾಕ್ಷಿಗಳ ಸಾಲು ಸೇರಿಸಿ, ದಯವಿಟ್ಟು.

ಪ್ರಶ್ನೆ: ನಾವು ಕುಮಟೆಯ ಸಾರಸ್ವತರು. ನಮ್ಮ ಕುಲದೇವರು ಸಪ್ತಕೋಟೇಶ್ವರ. ಮೊದಲು ದೇವಸ್ಥಾನ ದಿವಾಡಿಯಲ್ಲಿತ್ತಂತೆ. ಹಾಗಾದರೆ ನಮ್ಮ ಪೂರ್ವಜರೂ ಆ ದ್ವೀಪದಲ್ಲೇ ಹುಟ್ಟಿದವರು ಅಂತ ವಂಶವೃಕ್ಷದಲ್ಲಿ ಬರೆಯಬಹುದಾ?

ಉತ್ತರ: ‘ದೇವರ ಮೂಲ ದಿವಾರ್‌ನ ನಾರ್ವೆ’ ಅಂತ ಧಾರಾಳವಾಗಿ ಬರೆಯಿರಿ. ಅದಕ್ಕೆ ಆಧಾರ ಇದೆ. ಗೋವೆಯ ಕದಂಬರಿಗೆ ಆತನೇ ಮನೆದೇವರು. ಸಪ್ತಕೋಟೇಶ್ವರನ ವರಪ್ರಸಾದ ಪಡೆದವರು ಎಂದು ತಮ್ಮ ಚಿನ್ನದ ನಾಣ್ಯದ ಮೇಲೂ ಹಾಕಿಸಿಕೊಂಡಿದ್ದರು. ಪೋರ್ಚುಗೀಸರು ದೇವಸ್ಥಾನ ಕೆಡವಿದ ಮೇಲೆ ಲಿಂಗ ನದಿಯಾಚೆಗೆ ಬಂತು. ಡಿಚೋಲಿ ತಾಲೂಕಿನ ಆ ಊರಿಗೂ ನಾರ್ವೆ ಅಂತಲೇ ಹೆಸರು. ಅಲ್ಲಿನ ದೇವಸ್ಥಾನವನ್ನು ಶಿವಾಜಿ 1668ರಲ್ಲಿ ಕಟ್ಟಿಸಿಕೊಟ್ಟರು.

ಆದರೆ ಮನುಷ್ಯರ ಹೆಸರಿನ ಕೆಳಗೆ ‘ಜನನ: ದಿವಾರ್’ ಎಂದು ಬರೆಯಬೇಡಿ. ದೇವರು ನದಿ ದಾಟಿದ ದಿನವೇ ಭಕ್ತರೆಲ್ಲ ಕುಮಟೆಗೆ ಬಂದಿಳಿದರು ಅಂತ ಅರ್ಥ ಅಲ್ಲ. ನಡುವೆ ಎರಡು ಮೂರು ತಲೆಮಾರು ಎಲ್ಲೆಲ್ಲೋ ಇದ್ದಿರಬಹುದು. ನಿಮ್ಮ ಮನೆಯ ಭೂಮಿಯ ಕಾಗದ, ಮಠದ ಕಾಣಿಕೆ ಲೆಕ್ಕ, ಶ್ರಾದ್ಧದಲ್ಲಿ ಹೇಳುವ ಮೂರು ಹೆಸರು, ಇವುಗಳಿಂದ ಹಿಂದಕ್ಕೆ ಹೋಗಿ. ಎಲ್ಲಿ ಕಾಗದ ನಿಲ್ಲುತ್ತದೋ ಅಲ್ಲಿ ವಂಶವೃಕ್ಷವನ್ನೂ ನಿಲ್ಲಿಸಿ. ಖಾಲಿ ಬಿಟ್ಟರೆ ಮೊಮ್ಮಕ್ಕಳಿಗೆ ಹುಡುಕಲು ಏನಾದರೂ ಉಳಿಯುತ್ತದೆ. ತುಂಬಿಸಿಟ್ಟರೆ ಅವರು ಅದನ್ನೇ ನಂಬಿ ಕೂರುತ್ತಾರೆ.

ಪ್ರಶ್ನೆ: ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಅಜ್ಜ ಯಾವ ದ್ವೀಪದವರು ಅಂತ ಹೇಳುತ್ತಾರಂತೆ, ಹೌದಾ? (ಮುಂಬಯಿಯ ಓದುಗರು)

ಉತ್ತರ: ದ್ವೀಪ ಹೇಳುವುದಿಲ್ಲ. ಅದೇ ಪರೀಕ್ಷೆ ಮಾಡಿಸಿದ ದೂರದ ಸಂಬಂಧಿಕರು ಇದ್ದರೆ ಅವರನ್ನು ತೋರಿಸುತ್ತದೆ. ಅವರ ಮನೆಯಲ್ಲಿ ಕಾಗದ ಇದ್ದರೆ ನಿಮ್ಮ ಪುಣ್ಯ. ಮೊದಲು ಮನೆಯ ಟ್ರಂಕು ತೆಗೆಯಿರಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. 1974ರ ಭೂಸುಧಾರಣೆಯ ಹೊತ್ತಿಗೆ ಊರಲ್ಲಿ ಗೇಣಿ ಮಾಡಿಕೊಂಡಿದ್ದವರೆಲ್ಲ ಹಳೆ ರಶೀದಿ, ಚೀಟಿ ಒಟ್ಟುಮಾಡಿ ಡಿಕ್ಲರೇಷನ್ ಹಾಕಿದ್ದಾರೆ. ಊರಿನ ಚಿಕ್ಕಪ್ಪನ ಮನೆಯಲ್ಲಿ ಆ ಫೈಲು ಇನ್ನೂ ಇರಬಹುದು. ಫೋನ್ ಮಾಡಿ ಕೇಳಿ, ಆದರೆ ಆಸ್ತಿ ವಿಚಾರಕ್ಕೆ ಅಲ್ಲ ಅಂತ ಮೊದಲೇ ಹೇಳಿಬಿಡಿ.